ಓದುಗರ ಪ್ರಶ್ನೆಗೆ ಉತ್ತರ: ಕಮ್ಯುನಿಸ್ಟ್ ಆಡಳಿತದಲ್ಲಿ ಭ್ರಷ್ಟಾಚಾರ ಹೆಚ್ಚೇ?

ಪ್ರಶ್ನೆ: ಭ್ರಷ್ಟಾಚಾರದ ಮಾತು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ದೊಡ್ಡ ವಾದವೇ ನಡೆಯುತ್ತದೆ. ಎಲ್ಲವೂ ಸರ್ಕಾರದ ಕೈಯಲ್ಲಿದ್ದರೆ ಅಧಿಕಾರಿಗಳು ತಿನ್ನದೆ ಬಿಡುವುದಿಲ್ಲ, ಸೋವಿಯತ್ ಒಕ್ಕೂಟ ಒಳಗಿಂದೊಳಗೆ ಗೆದ್ದಲು ಹಿಡಿದು ಬಿದ್ದದ್ದೇ ಅದಕ್ಕೆ ಸಾಕ್ಷಿ ಎಂಬುದು ನಮ್ಮ ಮಾವನವರ ಅಭಿಪ್ರಾಯ. ಲಾಭವೇ ಸರ್ವಸ್ವವೆಂದು ನಂಬುವ ಬಂಡವಾಳಶಾಹಿಯಲ್ಲಿ ಲಂಚ ಇಲ್ಲದಿರುವುದು ಹೇಗೆ ಸಾಧ್ಯ ಎಂದು ಎಂ.ಎ. ಓದುತ್ತಿರುವ ಮಗಳು ಕೇಳುತ್ತಾಳೆ. ಇವರಲ್ಲಿ ಯಾರ ಮಾತು ಸರಿ? ಸ್ವಲ್ಪ ವಿವರವಾಗಿ ತಿಳಿಸಬೇಕಾಗಿ ವಿನಂತಿ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಮ್ಮ ಮಾವನವರ ಮಾತಿನಿಂದಲೇ ಪ್ರಾರಂಭಿಸುತ್ತೇನೆ, ಏಕೆಂದರೆ ಅವರು ಹೇಳುವ ಸಂಗತಿಯ ಒಂದು ಸಣ್ಣ ರೂಪವನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. 1970ರ ದಶಕದ ಕೊನೆಯಲ್ಲಿ ನಮ್ಮ ತಂದೆ ಮನೆ ಕಟ್ಟಿಸಲು ಹೊರಟಾಗ ಸಿಮೆಂಟಿಗೆ ಪರ್ಮಿಟ್ ಬೇಕಿತ್ತು. ಅರ್ಜಿ ಕೊಟ್ಟ ಕಚೇರಿಗೆ ಅವರು ನನ್ನನ್ನು ಕರೆದುಕೊಂಡು ಹೋದದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಪ್ರತಿ ಸಲವೂ ಗುಮಾಸ್ತರು ಕಡತದ ಮೇಲೆ ಕೈಯಿಟ್ಟುಕೊಂಡೇ ‘ಮುಂದಿನ ವಾರ ನೋಡೋಣ’ ಎನ್ನುತ್ತಿದ್ದರು. ಕೊನೆಗೆ ಒಂದು ಚೀಲ ತೆಂಗಿನಕಾಯಿ ಅವರ ಮನೆಯ ಹಿಂಬಾಗಿಲಿಗೆ ಹೋಯಿತು, ಮೂರನೆಯ ದಿನ ಪರ್ಮಿಟ್ ಬಂತು. ಸಿಮೆಂಟಿನ ಮೇಲಿನ ನಿಯಂತ್ರಣವನ್ನು 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ತಿಯಾಗಿ ತೆಗೆದುಹಾಕಿದ ಮೇಲೆ ಆ ಮೇಜಿನ ಮುಂದೆ ಯಾರೂ ಕಾಯಬೇಕಾಗಲಿಲ್ಲ. ಆ ಗುಮಾಸ್ತರು ಅಷ್ಟರಲ್ಲಿ ಒಳ್ಳೆಯವರಾಗಿದ್ದರೆಂದು ನಾನು ಭಾವಿಸುವುದಿಲ್ಲ. ಅವರ ಸಹಿಗೆ ಬೆಲೆಯೇ ಉಳಿದಿರಲಿಲ್ಲ.

ಸರಕು ಕಡಿಮೆ, ಕೇಳುವವರು ಹೆಚ್ಚು, ಬೆಲೆ ಸರ್ಕಾರ ನಿಗದಿ ಮಾಡಿದ್ದು, ಯಾರಿಗೆ ಕೊಡಬೇಕೆಂಬ ನಿರ್ಧಾರ ಒಬ್ಬ ಅಧಿಕಾರಿಯ ಕೈಯಲ್ಲಿ. ನಮ್ಮಲ್ಲಿ ಸಿಮೆಂಟ್, ಸ್ಕೂಟರ್, ಟೆಲಿಫೋನುಗಳಂಥ ಕೆಲವು ವಸ್ತುಗಳಿಗಿದ್ದ ಈ ಸ್ಥಿತಿ ಸೋವಿಯತ್ ಒಕ್ಕೂಟದಲ್ಲಿ ಮಾಂಸ, ಬೂಟು, ಔಷಧ, ವಾಸದ ಮನೆ, ರಜೆಯ ವಿಶ್ರಾಂತಿಧಾಮದವರೆಗೆ ಬಹುತೇಕ ಎಲ್ಲಕ್ಕೂ ಇತ್ತು. ನಾವು ‘ವಶೀಲಿ’ ಎಂದು ಯಾವುದನ್ನು ಕರೆಯುತ್ತೇವೆಯೋ ಅದಕ್ಕೆ ರಷ್ಯನ್ನರು ‘ಬ್ಲಾತ್’ ಎನ್ನುತ್ತಿದ್ದರು. ನೂರು ರೂಬಲ್ ಇರುವುದಕ್ಕಿಂತ ನೂರು ಸ್ನೇಹಿತರಿರುವುದು ಲೇಸು ಎಂಬ ಅವರ ಹಳೆಯ ಗಾದೆಗೆ ಆ ಕಾಲದಲ್ಲಿ ಅಕ್ಷರಶಃ ಅರ್ಥ ಬಂದಿತ್ತು. ಒಳ್ಳೆಯ ಸರಕು ಅಂಗಡಿಯ ಕಪಾಟಿಗೆ ಬರುವ ಮೊದಲೇ ಪರಿಚಿತರಿಗಾಗಿ ಗಲ್ಲಾದ ಕೆಳಗೆ ಸೇರುತ್ತಿತ್ತು. ಮಾಸ್ಕೋದ ಅತ್ಯಂತ ಹೆಸರುವಾಸಿ ದಿನಸಿ ಅಂಗಡಿಯಾದ ಯೆಲಿಸೇಯೆವ್‌ಸ್ಕಿಯ ನಿರ್ದೇಶಕರಾಗಿದ್ದ ಯೂರಿ ಸೊಕೊಲೊವ್ ಅವರನ್ನು 1982ರಲ್ಲಿ ಬಂಧಿಸಿ, 1984ರಲ್ಲಿ ಗುಂಡಿಕ್ಕಿ ಕೊಂದರು. ಒಂದು ದಿನಸಿ ಅಂಗಡಿಯ ಮುಖ್ಯಸ್ಥನ ಲಂಚದ ಪ್ರಕರಣ ಮರಣದಂಡನೆಯವರೆಗೆ ಹೋಗಬೇಕಾದರೆ ಆ ಕುರ್ಚಿಗೆ ಎಷ್ಟು ಅಧಿಕಾರವಿದ್ದಿರಬೇಕೆಂಬುದನ್ನು ಊಹಿಸಿ. ಆದ್ದರಿಂದ, ಎಲ್ಲವನ್ನೂ ಸರ್ಕಾರವೇ ಹಂಚುವ ವ್ಯವಸ್ಥೆಯಲ್ಲಿ ದಿನನಿತ್ಯದ ಸಣ್ಣ ಲಂಚ ತಪ್ಪಿದ್ದಲ್ಲ ಎಂಬ ಮಾವನವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಆದರೆ ಅದೇ ವ್ಯವಸ್ಥೆಯ ದೊಡ್ಡ ಲಂಚಗಳನ್ನು ನೋಡಿದಾಗ ಕಥೆ ಬೇರೆಯಾಗುತ್ತದೆ. ಇದಕ್ಕೆ ಉಜ್ಬೇಕಿಸ್ತಾನದ ಹತ್ತಿ ಹಗರಣದಷ್ಟು ಪಾಠ ಹೇಳುವ ಉದಾಹರಣೆ ಇನ್ನೊಂದನ್ನು ನಾನು ಕಂಡಿಲ್ಲ.

ಸೋವಿಯತ್ ಒಕ್ಕೂಟದ ಹತ್ತಿಯಲ್ಲಿ ಸುಮಾರು ಮೂರನೇ ಎರಡು ಪಾಲು ಬೆಳೆಯುತ್ತಿದ್ದ ಆ ಗಣರಾಜ್ಯವನ್ನು ಪಕ್ಷದ ಪ್ರಥಮ ಕಾರ್ಯದರ್ಶಿಯಾಗಿ 1959ರಿಂದ 1983ರವರೆಗೆ ಆಳಿದವರು ಶರಾಫ್ ರಶೀದೊವ್. ಮಾಸ್ಕೋದ ಯೋಜನೆ ವರ್ಷದಿಂದ ವರ್ಷಕ್ಕೆ ಹೆಚ್ಚು ಹತ್ತಿ ಕೇಳುತ್ತಾ ಹೋಯಿತು, ಗುರಿ ವರ್ಷಕ್ಕೆ 60 ಲಕ್ಷ ಟನ್ನಿನವರೆಗೆ ಬೆಳೆಯಿತು. ಅರಲ್ ಸಮುದ್ರಕ್ಕೆ ಹರಿಯಬೇಕಾದ ನದಿಗಳ ನೀರನ್ನು ಹೊಲಗಳಿಗೆ ತಿರುಗಿಸಿದರೂ, ಶರತ್ಕಾಲದಲ್ಲಿ ಶಾಲೆಗಳನ್ನು ಮುಚ್ಚಿ ಮಕ್ಕಳನ್ನು ಹತ್ತಿ ಬಿಡಿಸಲು ಕಳುಹಿಸಿದರೂ ಭೂಮಿ ಅಷ್ಟು ಕೊಡಲಿಲ್ಲ. ಗುರಿ ಮುಟ್ಟಿದವರಿಗೆ ಪದಕ, ಬಡ್ತಿ, ಬಹುಮಾನದ ಹಣ. ಮುಟ್ಟದವರಿಗೆ ಕುರ್ಚಿಯೇ ಇಲ್ಲ. ಹಾಗಾಗಿ ಸಾಮೂಹಿಕ ಕೃಷಿ ಕ್ಷೇತ್ರದ ಅಧ್ಯಕ್ಷರು ಇಲ್ಲದ ಹತ್ತಿಯನ್ನು ಲೆಕ್ಕಕ್ಕೆ ಸೇರಿಸಿ ಬರೆದರು, ಖರೀದಿ ಕೇಂದ್ರದವರು ಲಂಚ ಪಡೆದು ಬಂದಿದೆ ಎಂದು ರಸೀದಿ ಕೊಟ್ಟರು, ಜಿನ್ನಿಂಗ್ ಕಾರ್ಖಾನೆಯವರು ಅದನ್ನು ತ್ಯಾಜ್ಯವೆಂದು ಕಾಗದದಲ್ಲಿಯೇ ಕರಗಿಸಿದರು ಅಥವಾ ಕೀಳು ದರ್ಜೆಯ ಮಾಲಿಗೆ ಮೇಲು ದರ್ಜೆಯ ಮುದ್ರೆ ಒತ್ತಿದರು, ಸಾವಿರಾರು ಕಿಲೋಮೀಟರ್ ದೂರದ ರಷ್ಯಾದ ಗಿರಣಿಗಳಲ್ಲಿ ತುಂಬದ ರೈಲು ಬೋಗಿಯನ್ನು ತುಂಬಿದೆ ಎಂದು ಸಹಿ ಮಾಡಿ ಇಳಿಸಿಕೊಳ್ಳುವವರಿಗೂ ಅವರವರ ಪಾಲು ಸಂದಿತು. ಹುಟ್ಟದ ಹತ್ತಿಗೆ ಸರ್ಕಾರದ ಖಜಾನೆ ನೂರಾರು ಕೋಟಿ ರೂಬಲ್ ತೆತ್ತಿತು.

1982ರ ನವೆಂಬರಿನಲ್ಲಿ ಯೂರಿ ಆಂದ್ರೊಪೊವ್ ಅಧಿಕಾರಕ್ಕೆ ಬಂದ ಮೇಲೆ ತನಿಖೆ ಬಿಗಿಯಾಯಿತು, ಸಾವಿರಾರು ಅಧಿಕಾರಿಗಳು ಹುದ್ದೆ ಕಳೆದುಕೊಂಡರು ಇಲ್ಲವೆ ಜೈಲು ಸೇರಿದರು, ಅವರಿಗಿಂತ ಮುಂಚೆ ದೇಶವನ್ನು ಆಳಿದ ಬ್ರೆಜ್ನೆವ್ ಅವರ ಅಳಿಯ ಹಾಗೂ ಒಳಾಡಳಿತ ಇಲಾಖೆಯ ಉಪಮಂತ್ರಿಯಾಗಿದ್ದ ಯೂರಿ ಚುರ್ಬಾನೊವ್ ಅವರಿಗೆ 1988ರಲ್ಲಿ 12 ವರ್ಷಗಳ ಶಿಕ್ಷೆಯಾಯಿತು. ಇಲ್ಲಿ ಗಮನಿಸಬೇಕಾದ್ದು ತನಿಖೆ ಹೇಗೆ ಶುರುವಾಯಿತೆಂಬುದನ್ನು. ಗಿರಣಿಯ ಕಾರ್ಮಿಕನಿಗೆ ಬೋಗಿ ಬರಿದೆಂದು ಗೊತ್ತಿತ್ತು, ತೂಕ ಹಾಕುವವನಿಗೂ ಗೊತ್ತಿತ್ತು. ಆದರೆ ಅದನ್ನು ಬರೆಯುವ ಪತ್ರಿಕೆ ಇರಲಿಲ್ಲ, ಮೇಲಿನವರ ಒಪ್ಪಿಗೆಯಿಲ್ಲದೆ ವಿಚಾರಣೆಗೆ ಎತ್ತಿಕೊಳ್ಳುವ ನ್ಯಾಯಾಲಯವಿರಲಿಲ್ಲ, ಸದನದಲ್ಲಿ ಎದ್ದುನಿಂತು ಕೇಳುವ ವಿರೋಧ ಪಕ್ಷವಿರಲಿಲ್ಲ. ಕ್ರೆಮ್ಲಿನ್ನಿನಲ್ಲಿ ಆಳುವವರು ಬದಲಾಗುವವರೆಗೆ ಆ ಸುಳ್ಳು ಯಾರಿಗೂ ಭಯಪಡದೆ ಬದುಕಿತು.

ಇನ್ನು ಅದೇ ನೆಲದ ಎರಡನೆಯ ಅಧ್ಯಾಯವನ್ನು ತಮ್ಮ ಮಾವನವರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ. 1991ರಲ್ಲಿ ಉಜ್ಬೇಕಿಸ್ತಾನ ಸ್ವತಂತ್ರವಾಯಿತು, ಕಮ್ಯುನಿಸಂ ಹೋಯಿತು, ವಿದೇಶಿ ಕಂಪನಿಗಳು ಬಂದವು. ಆದರೆ ಆಳಿದವರು ಅದೇ ಪಕ್ಷದ ಕೊನೆಯ ಪ್ರಥಮ ಕಾರ್ಯದರ್ಶಿ ಇಸ್ಲಾಂ ಕರಿಮೊವ್, 2016ರಲ್ಲಿ ತಾವು ಸಾಯುವವರೆಗೂ ಅಧ್ಯಕ್ಷರಾಗಿ. ಮೊಬೈಲ್ ಫೋನ್ ಸೇವೆಯ ಪರವಾನಗಿ ಬೇಕಾದ ಕಂಪನಿಗಳು ಅವರ ಮಗಳು ಗುಲ್ನಾರಾ ಕರಿಮೊವಾ ಅವರಿಗೆ ಸೇರಿದ ಹೆಸರಿಗಷ್ಟೇ ಇದ್ದ ಸಂಸ್ಥೆಗಳಿಗೆ ಹಣ ಸಾಗಿಸಿದವು, ಒಟ್ಟು 86.5 ಕೋಟಿ ಡಾಲರಿಗೂ ಹೆಚ್ಚು ಲಂಚ ಸಂದಾಯವಾಗಿದೆ ಎಂಬುದು 2019ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಹೊರಿಸಿದ ಆರೋಪ. ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಧಾನ ಕಚೇರಿಯಿದ್ದ ವಿಂಪೆಲ್‌ಕಾಮ್ 2016ರಲ್ಲಿ, ಸ್ವೀಡನ್ನಿನ ಟೆಲಿಯಾ 2017ರಲ್ಲಿ, ರಷ್ಯಾದ ಎಂ.ಟಿ.ಎಸ್. 2019ರಲ್ಲಿ ಈ ವ್ಯವಹಾರಕ್ಕಾಗಿ ತಲಾ ಹತ್ತಾರು ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡವು. ರಶೀದೊವ್ ಕಾಲದ ಹತ್ತಿಗೆ ಮಾರುಕಟ್ಟೆಯೇ ಇರಲಿಲ್ಲ, ಕರಿಮೊವಾ ಕಾಲದ ಫೋನಿಗೆ ಮಾರುಕಟ್ಟೆ ತೆರೆದೇ ಇತ್ತು. ಎರಡೂ ಕಾಲದಲ್ಲಿ ಇಲ್ಲದಿದ್ದದ್ದು ಆಳುವವರನ್ನು ಹೊರಗಿನಿಂದ ಪ್ರಶ್ನಿಸಬಲ್ಲ ಒಂದು ಸ್ವತಂತ್ರ ಸಂಸ್ಥೆ.

ಈ ಕಥೆಯಲ್ಲಿ ತಮ್ಮ ಮಗಳು ಹೇಳುವ ಮಾತೂ ಇದೆ. ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆಯ 2024ರ ಭ್ರಷ್ಟಾಚಾರ ಗ್ರಹಿಕೆ ಸೂಚ್ಯಂಕದಲ್ಲಿ, ನೂರಕ್ಕೆ ಹತ್ತಿರವಿದ್ದಷ್ಟೂ ಶುದ್ಧ ಎಂಬ ಲೆಕ್ಕದಲ್ಲಿ, ಸ್ವೀಡನ್ನಿಗೆ 80 ಅಂಕ, ಉಜ್ಬೇಕಿಸ್ತಾನಕ್ಕೆ 32. ಲಂಚ ಪಡೆದ ದೇಶಕ್ಕೆ ಕಳಂಕ ಬಂತು, ಲಂಚ ಕೊಟ್ಟ ಕಂಪನಿಯ ದೇಶ ಶುದ್ಧವಾಗಿಯೇ ಉಳಿಯಿತು. ಅದೂ ಸ್ವೀಡನ್ ಸರ್ಕಾರವೇ ಆ ಕಂಪನಿಯ ಅತಿ ದೊಡ್ಡ ಪಾಲುದಾರನಾಗಿದ್ದಾಗ. ಜರ್ಮನಿಯ ಕಂಪನಿಗಳು ಹೊರದೇಶದ ಅಧಿಕಾರಿಗಳಿಗೆ ಕೊಟ್ಟ ಲಂಚವನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ವಿನಾಯಿತಿ ಪಡೆಯಲು 1990ರ ದಶಕದ ಕೊನೆಯವರೆಗೂ ಅಲ್ಲಿನ ಕಾನೂನು ಅವಕಾಶ ಕೊಟ್ಟಿತ್ತು. ಅಲ್ಲಿಯದೇ ಸೀಮೆನ್ಸ್ ಕಂಪನಿ ಇಂಥ ಲಂಚಗಳಿಗಾಗಿ 2008ರಲ್ಲಿ ಅಮೆರಿಕ ಮತ್ತು ಜರ್ಮನಿಗಳಿಗೆ ಸುಮಾರು 160 ಕೋಟಿ ಡಾಲರ್ ದಂಡ ಕಟ್ಟಿತು. ಶ್ರೀಮಂತ ಬಂಡವಾಳಶಾಹಿ ದೇಶಗಳ ನಾಗರಿಕನಿಗೆ ಪಡಿತರ ಚೀಟಿಗಾಗಿ ಲಂಚ ಕೊಡಬೇಕಾಗಿಲ್ಲ ಎಂಬುದು ನಿಜವಾದ ಸಾಧನೆ, ಅದನ್ನು ಕಡಿಮೆ ಮಾಡಿ ಹೇಳಲಾರೆ. ಆದರೆ ಅವರ ಬಂಡವಾಳ ಬಡ ದೇಶಗಳ ಅರಮನೆಗಳ ಮುಂದೆ ಹೇಗೆ ವರ್ತಿಸುತ್ತದೆ ಎಂಬುದು ಆ ಸೂಚ್ಯಂಕದ ಅಂಕಗಳಲ್ಲಿ ಕಾಣಿಸುವುದಿಲ್ಲ.

ಅದೇ ಪಟ್ಟಿಯಲ್ಲಿ ಇನ್ನೂ ಒಂದೆರಡು ಅಂಕಗಳನ್ನು ನೋಡಬಹುದು. ಕಮ್ಯುನಿಸ್ಟ್ ಪಕ್ಷ ಆಳುವ ಚೀನಾಕ್ಕೆ 43, ಕ್ಯೂಬಾಕ್ಕೆ 41, ವಿಯೆಟ್ನಾಮಿಗೆ 40, ಲಾವೋಸಿಗೆ 33. ಖಾಸಗಿ ಆಸ್ತಿಯ ಮೇಲೆ ನಿಂತ ಭಾರತಕ್ಕೆ 38, ಇಂಡೋನೇಷ್ಯಾಕ್ಕೆ 37, ಫಿಲಿಪ್ಪೀನ್ಸಿಗೆ 33. ಕಮ್ಯುನಿಸಂ ಎಂಬ ಹೆಸರೇ ಕಾರಣವಾಗಿದ್ದರೆ ಇವು ಹೀಗೆ ಒಂದೇ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಇನ್ನೊಂದು ಕಡೆ, ಸುಮಾರು ಅರ್ಧ ಶತಮಾನ ಉಜ್ಬೇಕಿಸ್ತಾನದ ಜೊತೆಗೇ ಸೋವಿಯತ್ ಆಡಳಿತದಲ್ಲಿದ್ದ ಎಸ್ಟೋನಿಯಾಕ್ಕೆ ಈಗ 76 ಅಂಕ. ಅಲ್ಲಿ ಸರ್ಕಾರಗಳು ಚುನಾವಣೆಯಿಂದ ಬದಲಾದವು, ನ್ಯಾಯಾಲಯ ಮತ್ತು ಪತ್ರಿಕೆಗಳು ಸ್ವತಂತ್ರವಾದವು, ಸರ್ಕಾರಿ ಸೇವೆಗಳು ಗುಮಾಸ್ತರ ಮೇಜಿನಿಂದ ಕಂಪ್ಯೂಟರಿಗೆ ಹೋದವು. ಸಿಂಗಪುರದ 84 ಅಂಕ ನನ್ನ ವಾದಕ್ಕೆ ತೊಡಕಾಗಿದೆ ಎಂದು ಒಪ್ಪಬೇಕು, ಏಕೆಂದರೆ ಅಲ್ಲಿ ಒಂದೇ ಪಕ್ಷ 1959ರಿಂದ ಆಳುತ್ತಿದೆ. ಅದು ಮಂತ್ರಿಗಳನ್ನೂ ಬಿಡದ ತನಿಖಾ ಸಂಸ್ಥೆಯನ್ನು ಇಟ್ಟುಕೊಂಡ, ಇಡೀ ದೇಶವೇ ಒಂದು ನಗರವಾಗಿರುವ ಅಪರೂಪದ ಉದಾಹರಣೆ. ಅದನ್ನು ನಂಬಿ ದೊಡ್ಡ ದೇಶವೊಂದು ಏಕಪಕ್ಷವನ್ನು ಒಪ್ಪಿಕೊಳ್ಳಬೇಕೆಂದು ನಾನಂತೂ ಹೇಳಲಾರೆ.

ನಮ್ಮ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿಷಯವನ್ನು ಇಲ್ಲಿ ಹೇಳದಿದ್ದರೆ ಉತ್ತರ ಅಪೂರ್ಣವಾಗುತ್ತದೆ, ಏಕೆಂದರೆ ಆ ಹಗರಣದಲ್ಲಿ ಎರಡೂ ವ್ಯವಸ್ಥೆಗಳು ಒಂದೇ ಅದಿರಿನ ರಾಶಿಯ ಎರಡು ಬದಿಗಳಲ್ಲಿ ನಿಂತಿದ್ದವು. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಮುಂಚಿನ ವರ್ಷಗಳಲ್ಲಿ ಚೀನಾದ ಉಕ್ಕಿನ ಹಸಿವು ಏರುತ್ತಿದ್ದಂತೆ ಸಂಡೂರು, ಹೊಸಪೇಟೆಗಳ ಕೆಂಪು ಮಣ್ಣಿಗೆ ಚಿನ್ನದ ಬೆಲೆ ಬಂತು. ಲಾರಿಗಳು ಹಗಲುರಾತ್ರಿ ಬೇಲೆಕೇರಿಯಂಥ ಬಂದರುಗಳಿಗೆ ಓಡಿದವು, ರಸ್ತೆಬದಿಯ ಜೋಳದ ಬೆಳೆಯ ಮೇಲೆ ಕೆಂಪು ಧೂಳು ಕೂತಿತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ 2011ರ ಜುಲೈ ವರದಿ ರಾಜ್ಯಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಖಾಸಗಿ ಲಾಭದ ಆಸೆ ಸರ್ಕಾರವನ್ನೇ ಹೇಗೆ ನುಂಗಬಲ್ಲದು ಎಂಬುದಕ್ಕೆ ತಮ್ಮ ಮಗಳಿಗೆ ಬೇರೆ ದೇಶದ ಉದಾಹರಣೆ ಬೇಕಾಗಿಲ್ಲ. ಆದರೆ ಮುಂದೆ ನಡೆದದ್ದನ್ನೂ ಅವಳಿಗೆ ಹೇಳಿ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಸುಪ್ರೀಂ ಕೋರ್ಟಿಗೆ ಹೋಯಿತು, ವರದಿಯ ಸಾರ ಎಲ್ಲ ಪತ್ರಿಕೆಗಳಲ್ಲಿ ಅಚ್ಚಾಯಿತು, ಆಗಿನ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು, ಅದೇ ತಿಂಗಳ 29ರಂದು ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಶಿಕ್ಷೆಯಾದವರು ಕಡಿಮೆ ಎಂಬ ನೋವು ನನಗೂ ಇದೆ. ಆದರೂ ಸರ್ಕಾರದ ಅನುಮತಿ ಕೇಳದೆ, ಆಳುವವರು ಬದಲಾಗುವವರೆಗೆ ಕಾಯದೆ, ನಾಗರಿಕರೇ ಆ ಬಾಗಿಲು ತಟ್ಟಿದ್ದರು.

ಪ್ರಶ್ನೆ: ಚೀನಾದಲ್ಲಿ ಲಂಚಕೋರರನ್ನು ಗುಂಡಿಟ್ಟು ಕೊಲ್ಲುತ್ತಾರಂತೆ. ನಮ್ಮಲ್ಲಿಯೂ ಅಂಥ ಕಾನೂನು ಬಂದರೆ ಭ್ರಷ್ಟಾಚಾರ ಒಂದೇ ವರ್ಷದಲ್ಲಿ ನಿಲ್ಲುವುದಿಲ್ಲವೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ತಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಪರಿಹಾರವನ್ನು ಒಪ್ಪಲಾರೆ. ಚೀನಾದ ಕಮ್ಯುನಿಸ್ಟ್ ಪಕ್ಷ ಅಧಿಕಾರಕ್ಕೆ ಬಂದು ಮೂರು ವರ್ಷವೂ ತುಂಬದ 1952ರ ಫೆಬ್ರವರಿಯಲ್ಲಿಯೇ ಲಿಯು ಚಿಂಗ್‌ಶಾನ್ ಮತ್ತು ಜಾಂಗ್ ಜಿಶಾನ್ ಎಂಬ ಇಬ್ಬರು ಹಳೆಯ ಕ್ರಾಂತಿಕಾರಿ ನಾಯಕರನ್ನು ಹಣ ದುರುಪಯೋಗಕ್ಕಾಗಿ ಬಾವೋಡಿಂಗಿನಲ್ಲಿ ಗುಂಡಿಕ್ಕಿ ಕೊಂದರು. ಇನ್ನು ಮುಂದೆ ಯಾರೂ ಈ ದಾರಿ ತುಳಿಯಬಾರದೆಂಬುದೇ ಅದರ ಉದ್ದೇಶವಾಗಿತ್ತು. ಸುಮಾರು ಎಪ್ಪತ್ತು ವರ್ಷಗಳ ಬಳಿಕ, 2021ರ ಜನವರಿಯಲ್ಲಿ, ಸರ್ಕಾರಿ ಹಣಕಾಸು ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಲಾಯ್ ಶಿಯಾವೊಮಿನ್ ಅವರ ಮರಣದಂಡನೆಯನ್ನು ಜಾರಿಗೊಳಿಸಬೇಕಾಯಿತು. ಅವರು ಪಡೆದ ಲಂಚ 178.8 ಕೋಟಿ ಯುವಾನ್, ಅವರ ಒಂದು ಫ್ಲ್ಯಾಟಿನಲ್ಲಿಯೇ 20 ಕೋಟಿ ಯುವಾನಿಗಿಂತ ಹೆಚ್ಚು ನಗದು ಸಿಕ್ಕಿತ್ತು. ಎರಡೂ ಮರಣದಂಡನೆಗಳ ನಡುವೆ ಲಂಚದ ಗಾತ್ರ ಎಷ್ಟು ಪಟ್ಟು ಬೆಳೆಯಿತು ಎಂಬುದನ್ನು ನೋಡಿದರೆ ಭಯ ಎಷ್ಟು ಕೆಲಸ ಮಾಡಿತೆಂಬುದು ತಿಳಿಯುತ್ತದೆ. ವಿಯೆಟ್ನಾಂ ಅಂತೂ 2025ರಲ್ಲಿ ಹಣ ದುರುಪಯೋಗ ಮತ್ತು ಲಂಚ ಸ್ವೀಕಾರಕ್ಕಿದ್ದ ಮರಣದಂಡನೆಯನ್ನು ಕಾನೂನಿನಿಂದಲೇ ತೆಗೆದುಹಾಕಿತು.

ಷೀ ಜಿನ್‌ಪಿಂಗ್ ಅವರು 2012ರ ಕೊನೆಯಲ್ಲಿ ಅಧಿಕಾರ ವಹಿಸಿಕೊಂಡ ಮೇಲೆ ನಡೆಸಿದ ಕಾರ್ಯಾಚರಣೆಯಲ್ಲಿ ಪಕ್ಷದ ಅತ್ಯುನ್ನತ ಕೂಟವಾದ ಪಾಲಿಟ್‌ಬ್ಯೂರೋ ಸ್ಥಾಯಿ ಸಮಿತಿಯಲ್ಲಿದ್ದ ಝೌ ಯೋಂಗ್‌ಕಾಂಗ್ ಅಂಥವರಿಗೂ 2015ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅದನ್ನು ಬರೀ ನಾಟಕವೆಂದು ತಳ್ಳಿಹಾಕುವುದು ತಪ್ಪು. ಆದರೆ ಅದೇ ವರ್ಷಗಳಲ್ಲಿ ಶು ಝಿಯೋಂಗ್ ಎಂಬ ಕಾನೂನು ವಿದ್ವಾಂಸರು, ಅಧಿಕಾರಿಗಳು ತಮ್ಮ ಆಸ್ತಿಯನ್ನು ಬಹಿರಂಗಪಡಿಸಬೇಕೆಂದು ಒತ್ತಾಯಿಸುತ್ತಿದ್ದ ನಾಗರಿಕರ ಚಳವಳಿಯ ಮುಂಚೂಣಿಯಲ್ಲಿದ್ದರು. 2014ರ ಜನವರಿಯಲ್ಲಿ ಅವರನ್ನು ನಾಲ್ಕು ವರ್ಷ ಜೈಲಿಗೆ ಕಳುಹಿಸಿದರು, 2023ರಲ್ಲಿ ಮತ್ತೆ 14 ವರ್ಷದ ಶಿಕ್ಷೆ ವಿಧಿಸಿದರು. ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಎಂಬುದನ್ನು ಪಕ್ಷ ಮಾತ್ರ ನಿರ್ಧರಿಸಬೇಕು, ಜನ ಕೇಳಬಾರದು. ನಮ್ಮಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಗ್ರಾಮ ಪಂಚಾಯಿತಿಯ ಖರ್ಚಿನ ಲೆಕ್ಕ ಕೇಳುವ ವ್ಯಕ್ತಿ ಗುಂಡಿಗಿಂತ ಹೆಚ್ಚು ಉಪಯುಕ್ತ ಎಂದು ನಾನು ನಂಬಿದ್ದೇನೆ. ಅಂಥವರ ಮೇಲೆ ಹಲ್ಲೆಗಳಾದಾಗ ನಾವು ಸುಮ್ಮನಿರುವುದೇ ನನಗೆ ಹೆಚ್ಚು ಚಿಂತೆಯ ವಿಷಯ.

ಪ್ರಶ್ನೆ: ನಮ್ಮ ದೇಶದಲ್ಲಿಯೇ ಕೇರಳ, ಬಂಗಾಳ, ತ್ರಿಪುರಾಗಳಲ್ಲಿ ಕಮ್ಯುನಿಸ್ಟರು ಆಳಿದ್ದಾರೆ. ಅವರ ಮಂತ್ರಿಗಳು ಸರಳ ಜೀವನಕ್ಕೆ ಹೆಸರಾದವರು. ಹಾಗಿದ್ದರೆ ಅವರ ಸರ್ಕಾರಗಳು ಉಳಿದವಕ್ಕಿಂತ ಶುದ್ಧ ಎನ್ನಬಹುದಲ್ಲವೇ?
— ಕನ್ನಡಿಗ ಓದುಗರೊಬ್ಬರು, ಕಾಸರಗೋಡು

ಉತ್ತರ: 1957ರಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರ್ಕಾರ ಬಂದಂದಿನಿಂದ ಈ ರಾಜ್ಯಗಳ ಕಮ್ಯುನಿಸ್ಟರು ಆಳಿದ್ದು ಚುನಾವಣೆ, ಮಹಾಲೇಖಪಾಲರ ತಪಾಸಣೆ, ಹೈಕೋರ್ಟು, ಪತ್ರಿಕೆ ಇವೆಲ್ಲದರ ಒಳಗೆ. ಹಾಗಾಗಿ ಅವರನ್ನು ಮಾಸ್ಕೋ ಅಥವಾ ಬೀಜಿಂಗಿನ ಜೊತೆ ಹೋಲಿಸಲಾಗದು. 1996ರಲ್ಲಿ ಕೇರಳದ ಎಡರಂಗ ಜನತಾ ಯೋಜನೆಯನ್ನು ಆರಂಭಿಸಿ, ರಾಜ್ಯ ಯೋಜನೆಯ ಶೇಕಡಾ 35ರಿಂದ 40ರಷ್ಟು ಹಣವನ್ನು ಪಂಚಾಯಿತಿ, ನಗರಸಭೆಗಳಿಗೆ ಕೊಟ್ಟು ಗ್ರಾಮಸಭೆಯ ಮುಂದೆ ಲೆಕ್ಕ ಇಡಬೇಕೆಂದದ್ದು ಭ್ರಷ್ಟಾಚಾರದ ವಿರುದ್ಧ ಕಮ್ಯುನಿಸ್ಟರು ಮಾಡಿದ ಅತ್ಯುತ್ತಮ ಕೆಲಸವೆಂದು ನಾನು ಎಣಿಸುತ್ತೇನೆ. ಅದೇ ಕೇರಳದ ತ್ರಿಶೂರ್ ಜಿಲ್ಲೆಯ ಕರುವನ್ನೂರಿನಲ್ಲಿ, ಸಿಪಿಎಂ ಹಿಡಿತದಲ್ಲಿದ್ದ ಸಹಕಾರಿ ಬ್ಯಾಂಕಿನ ಸಾಲದ ಹಗರಣ 2021ರಲ್ಲಿ ಬಯಲಾದಾಗ ಠೇವಣಿದಾರರು ತಮ್ಮದೇ ಹಣಕ್ಕಾಗಿ ಬಾಗಿಲು ಕಾಯಬೇಕಾಯಿತು. ಪಕ್ಷವೇ ಆಡಳಿತ ಮಂಡಳಿ, ಪಕ್ಷವೇ ಮೇಲುಸ್ತುವಾರಿ ಎಂದಾಗ ಲೆಕ್ಕ ಕೇಳುವವರು ಯಾರೂ ಉಳಿಯುವುದಿಲ್ಲ.

ಸರಳತೆಯ ವಿಷಯಕ್ಕೆ ತ್ರಿಪುರಾದ ಮಾಣಿಕ್ ಸರ್ಕಾರ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಪ್ಪತ್ತು ವರ್ಷ ಮುಖ್ಯಮಂತ್ರಿಯಾಗಿದ್ದ ಅವರು 2018ರ ಚುನಾವಣೆಯಲ್ಲಿ ಸಲ್ಲಿಸಿದ ಪ್ರಮಾಣಪತ್ರದ ಪ್ರಕಾರ ಕೈಯಲ್ಲಿದ್ದದ್ದು 1,520 ರೂಪಾಯಿ, ಬ್ಯಾಂಕಿನಲ್ಲಿದ್ದದ್ದು 2,410 ರೂಪಾಯಿ. ಸಂಬಳವನ್ನು ಪಕ್ಷಕ್ಕೆ ಕೊಟ್ಟು ಪಕ್ಷ ಕೊಡುವ ಭತ್ಯೆಯಲ್ಲಿ ಬದುಕುತ್ತಿದ್ದ ಆ ಮನುಷ್ಯನ ಬಗ್ಗೆ ನನಗೆ ಗೌರವವಿದೆ. ಆದರೂ ಅವರದೇ ಸರ್ಕಾರ ನೇಮಿಸಿದ 10,323 ಶಿಕ್ಷಕರ ನೇಮಕಾತಿಯನ್ನು ತ್ರಿಪುರಾ ಹೈಕೋರ್ಟ್ 2014ರಲ್ಲಿ ರದ್ದುಗೊಳಿಸಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಮುಖ್ಯಮಂತ್ರಿ ಹಣ ತಿಂದರೆಂದು ನ್ಯಾಯಾಲಯ ಹೇಳಲಿಲ್ಲ; ಯಾರಿಗೆ ಕೆಲಸ ಕೊಡಬೇಕೆಂಬುದಕ್ಕೆ ಅಳೆದು ನೋಡಬಹುದಾದ ನಿಯಮವೇ ಇರಲಿಲ್ಲವೆಂಬುದು ದೋಷ. ಪಕ್ಕದ ಬಂಗಾಳದಲ್ಲಿ 1977ರಿಂದ 34 ವರ್ಷ ಆಳಿದ ಎಡರಂಗದ ಕಾಲದಲ್ಲಿ ಹಳ್ಳಿಯ ಪಾರ್ಟಿ ಆಫೀಸಿನ ಮಾತಿಲ್ಲದೆ ಕೆಲಸವಾಗುವುದಿಲ್ಲವೆಂಬ ದೂರು ಎಲ್ಲೆಡೆ ಇತ್ತು. ಆ ಸಿಟ್ಟಿನ ಮೇಲೆಯೇ 2011ರಲ್ಲಿ ಅಧಿಕಾರಕ್ಕೆ ಬಂದ ಕಮ್ಯುನಿಸ್ಟರಲ್ಲದ ಸರ್ಕಾರದ ಅವಧಿಯಲ್ಲಿ, ಸರ್ಕಾರಿ ಯೋಜನೆಗಳ ಹಣದಿಂದ ಜನರ ಬಳಿ ಕಿತ್ತುಕೊಂಡ ‘ಕಟ್ ಮನಿ’ಯನ್ನು ಹಿಂದಿರುಗಿಸಿ ಎಂದು ಮುಖ್ಯಮಂತ್ರಿಯೇ 2019ರಲ್ಲಿ ತಮ್ಮ ಪಕ್ಷದವರಿಗೆ ಹೇಳಬೇಕಾಯಿತು. 2025ರ ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ಆ ರಾಜ್ಯದ 25,753 ಶಿಕ್ಷಕರು ಮತ್ತು ಶಾಲಾ ಸಿಬ್ಬಂದಿಯ ನೇಮಕಾತಿಯನ್ನು ಅಕ್ರಮದ ಕಾರಣಕ್ಕೆ ರದ್ದುಪಡಿಸಿದಾಗ, ತಪ್ಪು ಮಾಡದೆ ಪರೀಕ್ಷೆ ಬರೆದು ಕೆಲಸ ಪಡೆದಿದ್ದವರೂ ಅವರೊಂದಿಗೆ ಬೀದಿಗೆ ಬಂದರು.